ಬೆನ್ನು ತಿರುಗಿಸಿ ಕಲಿತವಳು

ಸಿಂಧನೂರಿನ ಒಂದು ಶಾಲೆಯಲ್ಲಿ ಅಂದು ಪಾಲಕರ ಸಭೆ. ಮೂರನೆಯ ತರಗತಿಯ ಟೀಚರ್ ರೇಣುಕಾದೇವಿ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಿದ್ದರು. ಹುಲಿಗೆಮ್ಮ ಮತ್ತು ಅವಳ ಗಂಡ ಮಲ್ಲೇಶನ ಸರದಿ ಬಂದಾಗ ಟೀಚರ್ ಮೊದಲು ನಕ್ಕರು.

"ನಿಮ್ಮ ದೀಪಾ ಬಾಳ ಪ್ರಶ್ನಿ ಕೇಳ್ತಾಳ್ರೀ. ನಾ ಒಂದು ಹೇಳಿದ್ರ ಆಕಿ ನಾಕು ಕೇಳ್ತಾಳ. ಒಂದೊಂದ್ಸಲ ನನಗ ಉತ್ತರಾ ಗೊತ್ತಿರಂಗಿಲ್ಲ. ನಾಳಿ ಹೇಳ್ತೀನವಾ ಅಂತ ಮನಿಗೆ ಹೋಗಿ ಹುಡುಕ್ತೀನಿ. ಇಂಥಾ ಕೂಸು ಸಿಗಾದು ಅಪರೂಪರೀ."

ಮಲ್ಲೇಶನ ಮುಖ ಅರಳಿತು. ಹುಲಿಗೆಮ್ಮನೂ ನಕ್ಕಳು, ಅಂಥ ಹೊತ್ತಿನಲ್ಲಿ ತಾಯಂದಿರು ನಗಬೇಕಾದ್ದರಿಂದ. ಆದರೆ ಎದೆಯಲ್ಲಿ ಎದ್ದದ್ದು ಸಂತೋಷವಲ್ಲ. ಹಸಿಮೆಣಸಿನಕಾಯಿ ಕಡಿದಂತೆ ಒಳಗೆ ಚುರುಕ್ ಅಂದಿತು. ಈ ಉರಿ ಅವಳಿಗೆ ಹೊಸದಾಗಿರಲಿಲ್ಲ. ಮಲ್ಲೇಶ ಮಗಳಿಗೆ ಸೈಕಲ್ ಕಲಿಸುತ್ತ, ಸೀಟು ಹಿಡಿದು ಹಿಂದೆ ಓಡುತ್ತಿದ್ದ ಸಂಜೆಗಳಲ್ಲೂ ಹೀಗೇ ಆಗಿತ್ತು. ಡ್ಯೂಟಿಯ ದಣಿವು ಇರಬೇಕು ಅಂದುಕೊಂಡಿದ್ದಳು. ಈ ದಿನ ಮಾತ್ರ ಅವಳಿಗೆ ಅದರ ಹೆಸರು ತಿಳಿಯಿತು. ಹೊಟ್ಟೆಕಿಚ್ಚು. ಅದೂ ಹೆತ್ತ ಮಗಳ ಮೇಲೆ.

ಹುಲಿಗೆಮ್ಮ ಸರ್ಕಾರಿ ಬಸ್ಸಿನ ಕಂಡಕ್ಟರ್. ಸಿಂಧನೂರಿನಿಂದ ಮಸ್ಕಿ ಮಾರ್ಗವಾಗಿ ಲಿಂಗಸುಗೂರು, ಮತ್ತೆ ವಾಪಸ್. ಎಷ್ಟೇ ಗದ್ದಲವಿದ್ದರೂ ಅವಳ ಬಸ್ಸಿನಲ್ಲಿ ಜಗಳ ಬೆಳೆಯುತ್ತಿರಲಿಲ್ಲ. ಮುಂದೆ ಟಿಕೆಟ್ ಕೊಡುತ್ತಿರುವಾಗಲೇ ಹಿಂದಿನ ಸೀಟಿನಲ್ಲಿ ಯಾರ ದನಿ ಏರುತ್ತಿದೆ, ಯಾವ ಕೂಸಿಗೆ ವಾಂತಿ ಬರುವ ಹಾಗಿದೆ ಎಂಬುದು ತಿರುಗಿ ನೋಡದೆಯೇ ಅವಳಿಗೆ ಗೊತ್ತಾಗುತ್ತಿತ್ತು. ಡ್ರೈವರ್ ಅಸದ್, "ಅಕ್ಕಾ, ನಿನಗ ಬೆನ್ನಿಗೂ ಕಿವಿ ಅದಾವ ನೋಡು," ಎಂದು ನಗುತ್ತಿದ್ದ.

ಆ ಕಿವಿಗಳು ಬಂದದ್ದು ಗದ್ದೆಯ ಬದುವಿನಲ್ಲಿ. ಅವಳ ಅವ್ವ ಮುದುಕಮ್ಮ ಬಳಗಾನೂರಿನವಳು. ಕಾಲುವೆಗೆ ನೀರು ಬಿಟ್ಟರೆ ಗೊರೇಬಾಳದ ತನಕವೂ ನಾಟಿಗೆ ಹೋಗುತ್ತಿದ್ದಳು. ಐದು ವರ್ಷದ ಹುಲಿಗೆಮ್ಮ ತಮ್ಮ ನಿಂಗರಾಜನನ್ನು ಟೊಂಕದ ಮೇಲೆ ಹೊತ್ತು ಬದುವಿನ ಮೇಲೆ ಕೂರುತ್ತಿದ್ದಳು. ಕೂಸು ಉರುಳದಂತೆ ನೋಡಿಕೊಳ್ಳಬೇಕು, ನೀರಿನಲ್ಲಿ ಹಾವು ಸರಿದರೆ ತಿಳಿಯಬೇಕು, ಮೇಸ್ತ್ರಿ ಬಂದರೆ ಕೂಸಿನ ಅಳು ನಿಲ್ಲಿಸಬೇಕು. ಮನೆಗೆ ಬಂದರೆ ಅಪ್ಪ ದುರುಗಪ್ಪನ ಚಪ್ಪಲಿ ಸದ್ದು. ಕುಡಿದ ದಿನದ ಸದ್ದೇ ಬೇರೆ, ಕುಡಿಯದ ದಿನದ್ದೇ ಬೇರೆ. ಅದನ್ನು ಓಣಿಯ ತಿರುವಿನಲ್ಲೇ ಗುರುತಿಸಿದರೆ ತಮ್ಮನನ್ನು ಎತ್ತಿಕೊಂಡು ಪಕ್ಕದ ಮನೆ ಸೇರಲು ಹೊತ್ತು ಸಿಗುತ್ತಿತ್ತು.

ಅಪ್ಪ ತೀರಿಕೊಂಡ ಮೇಲೆ ಮುದುಕಮ್ಮ ಮಗಳನ್ನು ಸಿಂಧನೂರಿನ ಒಬ್ಬ ಅಕ್ಕಿ ಮಿಲ್ಲಿನ ಸಾಹುಕಾರರ ಮನೆಗೆ ಕೆಲಸಕ್ಕೆ ಬಿಟ್ಟಳು. ಹೊಟ್ಟೆಗೆ ಊಟ, ಹಬ್ಬಕ್ಕೊಂದು ಲಂಗ. ಆ ಮನೆಯ ಮಕ್ಕಳಿಗೆ ಪಾಠ ಹೇಳಲು ಸಂಜೆ ಚಾಂದ್‌ಪಾಷಾ ಮಾಸ್ತರರು ಬರುತ್ತಿದ್ದರು. ಅದೇ ಹೊತ್ತಿಗೆ ಪಡಸಾಲೆಯ ಕಸ ಹೊಡೆಯಬೇಕು. ಹುಲಿಗೆಮ್ಮ ಪಾಠದ ಕಡೆ ಮುಖ ಮಾಡುವಂತಿರಲಿಲ್ಲ. ಗೋಡೆಗೆ ಮುಖ, ಪಾಠಕ್ಕೆ ಬೆನ್ನು. ಮಗ್ಗಿ, ಒತ್ತಕ್ಷರ, ಪದ್ಯ ಎಲ್ಲವೂ ಅವಳಿಗೆ ಬೆನ್ನಿನ ಕಡೆಯಿಂದಲೇ ಬಂದವು.

ಒಂದು ಸಂಜೆ ಮಾಸ್ತರರು ಸೊನ್ನೆಯ ಪಾಠ ಮಾಡುತ್ತಿದ್ದರು. ಸೊನ್ನೆ ಅಂದರೆ ಏನೂ ಇಲ್ಲ ಎಂದರು. ಹುಲಿಗೆಮ್ಮನಿಗೆ ತಡೆಯಲಾಗಲಿಲ್ಲ. ಪೊರಕೆ ಹಿಡಿದೇ ತಿರುಗಿ ಕೇಳಿಬಿಟ್ಟಳು.

"ಮಾಸ್ತರ್ರೀ, ಏನೂ ಇಲ್ಲ ಅಂದಮ್ಯಾಲ ಅದನ್ನ ಬರಿಯಾದು ಯಾಕ್ರೀ?"

ಮಾಸ್ತರರು ಬಾಯಿ ತೆರೆಯುವ ಮೊದಲೇ ಅವಳ ತಲೆಯ ಹಿಂಭಾಗಕ್ಕೆ ಬೆರಳ ಗೆಣ್ಣುಗಳು ಬಿದ್ದವು. ಮನೆಯೊಡತಿ ಯಾವಾಗ ಬಂದು ಹಿಂದೆ ನಿಂತಿದ್ದಳೋ ಗೊತ್ತಾಗಿರಲಿಲ್ಲ. ಕೇಳುವ ಆಸೆಯಲ್ಲಿ ಆ ಒಂದು ಗಳಿಗೆ ಕಿವಿ ಮೈಮರೆತಿತ್ತು.

"ಕಸ ಹೊಡಿಯಾಕ ಇಟ್ಟೀವಿ ನಿನ್ನ. ಪ್ರಶ್ನಿ ಕೇಳಾಕಲ್ಲ."

ಮಕ್ಕಳು ನಕ್ಕರು. ಮಾಸ್ತರರು ನಗಲಿಲ್ಲ. ಮುಂದಿನ ವರ್ಷ ಅವರೇ ಮುದುಕಮ್ಮನನ್ನು ಹುಡುಕಿಕೊಂಡು ಹೋಗಿ ಮಾತಾಡಿ, ಹುಡುಗಿಯನ್ನು ಮಸ್ಕಿಯ ಹಾಸ್ಟೆಲ್ಲಿಗೆ ಸೇರಿಸಿದರು. ಅಲ್ಲಿ ಅವಳು ಓದಿದಳು. ಎಸ್ಸೆಸ್ಸೆಲ್ಸಿ ಆಯಿತು, ಪಿಯುಸಿ ಆಯಿತು, ಕಂಡಕ್ಟರ್ ನೌಕರಿಯೂ ಸಿಕ್ಕಿತು. ಆದರೆ ಅಷ್ಟು ವರ್ಷ ಯಾವ ತರಗತಿಯಲ್ಲೂ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ತಿಳಿಯದ್ದನ್ನು ಬಾಯಿಪಾಠ ಮಾಡಿದಳು. ಬಾಯಿಪಾಠವೂ ಆಗದ್ದನ್ನು ಬಿಟ್ಟಳು. ಯಾರಾದರೂ ಬೆನ್ನ ಹಿಂದೆ ಬಂದು ನಿಂತರೆ ಬರೆಯುತ್ತಿದ್ದ ಕೈ ಅಲ್ಲೇ ನಿಲ್ಲುತ್ತಿತ್ತು.

ಪಾಲಕರ ಸಭೆಯಾದ ಕೆಲವು ದಿನಗಳಿಗೆ ಡಿಪೋದಲ್ಲಿ ಒಂದು ಸುದ್ದಿ ಬಂತು. ಬಸ್ ನಿಲ್ದಾಣಗಳಲ್ಲಿ ಬಸ್ಸುಗಳ ವೇಳೆ ನೋಡಿಕೊಳ್ಳುವ ಸಂಚಾರ ನಿಯಂತ್ರಕರ ಹುದ್ದೆಗೆ ಕಂಡಕ್ಟರುಗಳಿಂದಲೇ ಆರಿಸುತ್ತಾರಂತೆ. ಲಿಂಗಸುಗೂರಿನಲ್ಲಿ ವಾರಕ್ಕೊಮ್ಮೆ ತರಬೇತಿ, ಆಮೇಲೆ ಪರೀಕ್ಷೆ. ಹುಲಿಗೆಮ್ಮ ಹೆಸರು ಕೊಟ್ಟಳು. ಮನೆಗೆ ಬಂದು ಮಲ್ಲೇಶನಿಗೆ ಹೇಳಿದಳು.

"ನನಗ ಓದಾಕ ಒಂದು ಜಾಗ ಬೇಕ್ರೀ. ದೀಪಾನ ಮೇಜು ನನಗ ಇರಲಿ."

ಆ ಮೇಜು ಮಲ್ಲೇಶ ಮಗಳಿಗೆಂದು ಮಾಡಿಸಿದ್ದು. ಅವನದು ಪಂಪ್‌ಸೆಟ್ಟಿನ ಮೋಟಾರು ರಿವೈಂಡಿಂಗ್ ಅಂಗಡಿ. ಅಂಗಡಿಯ ಪಕ್ಕದ ಬಡಿಗ ಆದಪ್ಪನಿಂದ ಬೇವಿನ ಹಲಗೆಯಲ್ಲಿ ಮಾಡಿಸಿ, ಮೇಲೆ ದೀಪವನ್ನೂ ಕೂಡಿಸಿದ್ದ. ಕಿಟಕಿಯ ಬಳಿ ಇತ್ತು. ಅದರ ಮುಂದೆ ಕೂತು ಕಾಲಾಡಿಸುತ್ತ ಬರೆಯುವ ಮಗಳನ್ನು ಕಂಡಾಗಲೆಲ್ಲ ಹುಲಿಗೆಮ್ಮ ಅಡಿಗೆಮನೆಯಲ್ಲಿ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

"ಕೂಸು ಎಲ್ಲಿ ಓದಬೇಕ?" ಎಂದ ಮಲ್ಲೇಶ.

"ನಾ ಗೋಡಿಗೆ ಮುಖ ಮಾಡಿ ಕಲ್ತಾಕಿ. ಆಕಿಗೆ ಮೇಜೇ ಬೇಕೇನ್ರೀ?"

ಮಲ್ಲೇಶ ತಾನೇ ಮೇಜಿನ ಮೇಲಿನ ಪೆನ್ಸಿಲ್ ಡಬ್ಬಿ ತೆಗೆದಿಟ್ಟ. ದೀಪಾ ಮಾತ್ರ ಖುಷಿಯಿಂದ ತನ್ನ ಪುಸ್ತಕಗಳನ್ನು ಎತ್ತಿಕೊಂಡು, "ಅವ್ವಗ ಪರೀಕ್ಷಿ, ಅವ್ವಗ ಪರೀಕ್ಷಿ," ಎಂದು ಕುಣಿಯುತ್ತ ಅಡಿಗೆಮನೆಯ ನೆಲಕ್ಕೆ ಹೋಗಿ ಕೂತಳು. ಹುಲಿಗೆಮ್ಮ ಬಾಗಿಲು ಮುಂದೆ ಮಾಡಿ, ದೀಪ ಹಾಕಿ, ಪುಸ್ತಕ ತೆರೆದಳು. ಹೊರಗೆ ಮಲ್ಲೇಶ ಟಿ.ವಿ. ಸದ್ದು ಕಡಿಮೆ ಮಾಡಿದ. ಅವಳಿಗಾಗಿ ಇಡೀ ಮನೆ ಉಸಿರು ಬಿಗಿಹಿಡಿದಿತ್ತು. ಚಿಕ್ಕವಳಿದ್ದಾಗಿನಿಂದ ಅವಳು ಬೇಡಿದ್ದು ಇದನ್ನೇ.

ಆದರೆ ಒಂದು ಸಾಲೂ ತಲೆಗೆ ಹೋಗಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಅವಳ ಕಿವಿ ಸದ್ದನ್ನೇ ಹುಡುಕತೊಡಗಿತು. ಓಣಿಯಲ್ಲಿ ಯಾರು ನಡೆದರು, ಹಿಂದಿನ ಮನೆಯಲ್ಲಿ ಯಾರು ಕೆಮ್ಮಿದರು ಅಂತ. ಯಾರೋ ಬೆನ್ನ ಹಿಂದೆ ನಿಂತಿದ್ದಾರೆ ಅನ್ನಿಸಿ ಎರಡೆರಡು ಸಲ ತಿರುಗಿ ನೋಡಿದಳು. ಎದ್ದು ಬಾಗಿಲು ತೆರೆದರೆ, ದೀಪಾ ಅಡಿಗೆಮನೆಯಲ್ಲಿ ಬೋರಲು ಮಲಗಿ, ಈರುಳ್ಳಿ ಬುಟ್ಟಿಗೆ ಪುಸ್ತಕ ಆನಿಸಿಕೊಂಡು, ಏನೋ ಗುನುಗುತ್ತ ಲೆಕ್ಕ ಬಿಡಿಸುತ್ತಿದ್ದಳು. ಸರಾಗವಾಗಿ. ಮೇಜಿನ ಮುಂದೆ ಕೂತಾಗ ಹೇಗೋ ಹಾಗೆಯೇ.

ಹುಲಿಗೆಮ್ಮ ಬಾಗಿಲಲ್ಲೇ ನಿಂತಳು. ಮೇಜು ಕಸಿದುಕೊಂಡರೆ ಮಗಳ ಸುಖ ತನಗೆ ಬಂದೀತು ಅಂದುಕೊಂಡಿದ್ದಳು. ಆ ಸುಖ ಮೇಜಿನಲ್ಲಿ ಇರಲೇ ಇಲ್ಲ. ಅದು ಆ ಕೂಸಿನ ಬೆನ್ನಿನಲ್ಲಿತ್ತು. ಅವ್ವ ಬಂದು ಹಿಂದೆ ನಿಂತಿದ್ದರೂ ಆ ಬೆನ್ನು ಒಂದಿಷ್ಟೂ ಸೆಟೆದಿರಲಿಲ್ಲ. ಅದನ್ನು ಕಸಿಯುವುದು ಹೇಗೆ?

ಹೇಗೆಂಬುದು ಮರುವಾರವೇ ತಿಳಿಯಿತು.

ಅಂದು ಲಿಂಗಸುಗೂರಿನ ತರಬೇತಿಯಲ್ಲಿ ಬಸ್ಸುಗಳ ವೇಳಾಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹೊಂದಿಸುವ ಪಾಠ. ಒಂದು ಬಸ್ಸು ಕೆಟ್ಟು ನಿಂತರೆ ಹಿಂದಿನ ಬಸ್ಸುಗಳನ್ನು ಹೇಗೆ ಬದಲಿಸಬೇಕು ಎಂದು ಅಧಿಕಾರಿ ಗೋಡೆಯ ಮೇಲಿನ ಚಿತ್ರದಲ್ಲಿ ತೋರಿಸುತ್ತಿದ್ದ. ಹುಲಿಗೆಮ್ಮನಿಗೆ ಅರ್ಧದಲ್ಲೇ ಎಳೆ ತಪ್ಪಿತು. ಪಕ್ಕದಲ್ಲಿ ಅಂಬಿಕಾ ಎಂಬ ಹೊಸ ಕಂಡಕ್ಟರ್, ಇನ್ನೂ ಮೂವತ್ತು ದಾಟದವಳು, ಥಟ್ಟನೆ ಕೈ ಎತ್ತಿ, "ಸರ್, ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರೀ," ಎಂದಳು. ಅಧಿಕಾರಿ ಹೇಳಿದ. ಅಂಬಿಕಾಗೆ ತಿಳಿಯಿತು. ಹುಲಿಗೆಮ್ಮನಿಗೆ ತಿಳಿಯಲಿಲ್ಲ, ಯಾಕೆಂದರೆ ಅವಳಿಗೆ ಕೇಳಬೇಕಾಗಿದ್ದದ್ದು ಬೇರೆ. ಕೈ ತೊಡೆಯ ಮೇಲೆಯೇ ಉಳಿಯಿತು. ವಾಪಸ್ಸು ಬರುವಾಗ ಮಸ್ಕಿಯ ತನಕ ಅಂಬಿಕಾಳನ್ನು ಮನಸ್ಸಿನಲ್ಲೇ ಬೈದಳು. ಮಸ್ಕಿ ದಾಟಿದ ಮೇಲೆ ಬೈಗುಳ ಮಗಳ ಕಡೆ ತಿರುಗಿತು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ದೀಪಾ ಓಡಿಬಂದಳು.

"ಅವ್ವಾ, ಅವ್ವಾ, ಬಸ್ ಬ್ರೇಕ್ ಹಾಕಿದ್ರ ನಾವ್ಯಾಕ ಮುಂದಕ ಬೀಳ್ತೀವಿ? ಬಸ್ ನಿಂತಮ್ಯಾಲ ನಾವೂ ನಿಂದರಬೇಕಿಲ್ಲ?"

"ನಿಮ್ಮ ಟೀಚರ್ನ ಕೇಳು."

"ಟೀಚರ್ ಬಸ್ಸಿನಾಗ ಇರಂಗಿಲ್ಲಲ್ಲ. ನೀ ದಿನಾ ಇರ್ತಿ. ನಿನಗ ಯಾಕ ಗೊತ್ತಿಲ್ಲ?"

ಹುಲಿಗೆಮ್ಮನ ಕೈ ಎದ್ದೇಬಿಟ್ಟಿತು. ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಒಳಗಿದ್ದ ಮಲ್ಲೇಶ ಹೊರಗೆ ಬಂದ. ದೀಪಾ ಅಳಲಿಲ್ಲ. ಅವ್ವನನ್ನು ಬಾಯಿ ತೆರೆದು ನೋಡಿದಳು. ಏಟಿಗಿಂತ ಅಚ್ಚರಿಯೇ ದೊಡ್ಡದಾಗಿತ್ತು, ಯಾಕೆಂದರೆ ಅವಳಿಗೆ ಅದು ಮೊದಲನೆಯದು.

"ಏನ ತಪ್ಪ ಮಾಡಿತ್ತು ಅದು?" ಎಂದ ಮಲ್ಲೇಶ.

ಹುಲಿಗೆಮ್ಮ ತನ್ನ ಚೀಲ ಎತ್ತಿಕೊಂಡಳು. ಒಳಗೆ ಹೋಗಿ ಮೇಜಿನ ಮುಂದೆ ಕೂತಳು. ನಾಚಿಕೆಯಾಗಿತ್ತು, ನಿಜ. ಅದರ ಅಡಿಯಲ್ಲೇ ಒಂದು ಕೆಟ್ಟ ಸಮಾಧಾನವೂ ಇತ್ತು. ಈಗ ಆಕೆಗೂ ಗೊತ್ತಾಯಿತಲ್ಲ ಎಂಬ ಸಮಾಧಾನ.

ಆ ಸಮಾಧಾನ ಬಹಳ ದಿನ ಬಾಳಲಿಲ್ಲ. ದೀಪಾ ಪ್ರಶ್ನೆ ಕೇಳುವುದನ್ನು ಬಿಟ್ಟಳು. ಊಟ ಮಾಡು ಅಂದರೆ ಮಾಡುತ್ತಿದ್ದಳು, ಓದು ಅಂದರೆ ಓದುತ್ತಿದ್ದಳು. ಒಂದು ಸಂಜೆ ಹುಲಿಗೆಮ್ಮ ಡ್ಯೂಟಿ ಮುಗಿಸಿ ಬಂದಾಗ ಮಗಳು ನೆಲದ ಮೇಲೆ ಬರೆಯುತ್ತಿದ್ದಳು. ಅವ್ವನ ಹೆಜ್ಜೆಯ ಸದ್ದು ಹೊಸ್ತಿಲಿಗೆ ಬರುತ್ತಲೇ ಆ ಪುಟ್ಟ ಬೆನ್ನು ನೆಟ್ಟಗಾಯಿತು. ಪೆನ್ಸಿಲ್ ನಿಂತಿತು. ಕೂಸು ತಿರುಗಿ ನೋಡಲಿಲ್ಲ, ಕಿವಿಯಿಂದ ನೋಡುತ್ತಿತ್ತು. ಯಾವ ಸದ್ದು ಇದು? ಸಿಟ್ಟಿನ ದಿನದ್ದೋ, ಅಲ್ಲದ ದಿನದ್ದೋ?

ಹುಲಿಗೆಮ್ಮ ಚಪ್ಪಲಿಯನ್ನು ಸದ್ದಾಗದಂತೆ ಬಿಟ್ಟಳು. ಮರುದಿನ ರಜೆ ಹಾಕಿ ಬಳಗಾನೂರಿನ ಬಸ್ಸು ಹತ್ತಿದಳು.

ಮುದುಕಮ್ಮ ಅಂಗಳದಲ್ಲಿ ಕೂತು ಅಕ್ಕಿ ಹಸನು ಮಾಡುತ್ತಿದ್ದಳು. ಮಗಳ ಮುಖ ನೋಡಿ ಮೊರವನ್ನು ಪಕ್ಕಕ್ಕೆ ಸರಿಸಿದಳು. ಹುಲಿಗೆಮ್ಮ ಎಲ್ಲವನ್ನೂ ಹೇಳಿದಳು. ಮೇಜಿನ ವಿಷಯ, ಏಟಿನ ವಿಷಯ, ಕೊನೆಗೆ ಹೇಳಬಾರದ ಮಾತನ್ನೂ.

"ಹೆತ್ತ ಮಗಳ ಮ್ಯಾಲ ಹೊಟ್ಟಿಕಿಚ್ಚ ಪಡ್ತೀನಿ ಯವ್ವಾ. ನಾ ಎಂಥಾ ತಾಯಿ?"

ಮುದುಕಮ್ಮ ಬೈಯುತ್ತಾಳೆ ಅಂದುಕೊಂಡಿದ್ದಳು. ಮುದುಕಮ್ಮ ಬೈಯಲಿಲ್ಲ. ಎಲೆಯಡಿಕೆ ಚೀಲ ಬಿಚ್ಚಿ, ಸುಣ್ಣ ಹಚ್ಚುತ್ತ, ಬೇರೆಯವರ ಸಂಗತಿ ಹೇಳುವವಳಂತೆ ಹೇಳಿದಳು.

"ನೀ ಮಸ್ಕಿ ಹಾಸ್ಟೆಲ್ಲಿಗೆ ಹ್ವಾದ ವರ್ಷ ಒಂದ್ಸಲ ನಿನ್ನ ನೋಡಾಕ ಬಂದಿದ್ನಿ, ನೆನಪೈತಿ?"

"ಐತಿ. ಆಮ್ಯಾಲ ದೀಪಾವಳಿ ತನಕ ಬರಲೇ ಇಲ್ಲ ನೀ. ಬಸ್ಸಿಗೆ ರೊಕ್ಕ ಇರಲಿಲ್ಲ ಅಂದಿ."

"ರೊಕ್ಕ ಇತ್ತು." ಮುದುಕಮ್ಮ ಎಲೆ ಮಡಿಚಿದಳು. "ಅವತ್ತು ನೀ ಹೊಸಾ ಯೂನಿಫಾರಂ ಹಾಕ್ಕೊಂಡು, ತಾಟಿನಾಗ ಚಪಾತಿ ಇಟ್ಕೊಂಡು, ಗೆಳತ್ಯಾರ ಕೂಡ ನಕ್ಕೋತ ಉಣ್ಣಾಕತ್ತಿದ್ದಿ. ನಾ ಬಾಗಲದಾಗ ನಿಂತಿದ್ನಿ. ಕೆಸರು ತುಳದ ಕಾಲು, ಬಿರುಕು ಬಿಟ್ಟಿದ್ವು. ನನ್ನ ಮಗಳು ಸುಖದಾಗ ಅದಾಳ ಅಂತ ಸಂತೋಷ ಆಗಬೇಕಿತ್ತು. ಆಗಲಿಲ್ಲ. ನನಗ್ಯಾಕ ಯಾರೂ ಹಿಂಗ ತಾಟಿನಾಗ ಹಾಕಿ ಕೊಡಲಿಲ್ಲ ಅಂತ ಹೊಟ್ಟಿ ಉರೀತು. ಊರಿಗೆ ಬಂದು ಕುಂತ್ಬಿಟ್ನಿ. ಮತ್ತ ಬಂದ್ರ ಮತ್ತ ಉರೀತೈತಿ ಅಂತ ಬರಲಿಲ್ಲ."

ಹುಲಿಗೆಮ್ಮನಿಗೆ ಭಾನುವಾರಗಳಂದು ಬೇರೆ ಹುಡುಗಿಯರ ಅವ್ವಂದಿರು ಬಂದಾಗ ತಾನು ಗೇಟಿನ ಸರಳು ಹಿಡಿದು ನಿಂತಿರುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

"ನಾ ಗೇಟಿಗೆ ಬಂದು ನಿಂದರ್ತಿದ್ನಿ, ಗೊತ್ತೈತೇನು ನಿನಗ?" ಎಂದು ಸಿಟ್ಟಿನಿಂದ ಕೇಳಿದಳು.

"ಗೊತ್ತಿತ್ತು," ಎಂದಳು ಮುದುಕಮ್ಮ. ದನಿ ಕುಗ್ಗಿತ್ತು. "ಅದಕ್ಕ ಹೇಳಾಕತ್ತೀನಿ. ಹೊಟ್ಟಿಕಿಚ್ಚು ಬರೋದು ತಪ್ಪಲ್ಲ ಬೇ. ಸಿಗಲಾರದವರಿಗೆ ಬಂದೇ ಬರತೈತಿ. ನಾ ಅದನ್ನ ಮುಚ್ಚಿಟ್ಕೊಂಡು ಕುಂತ್ನಿ. ನೀ ಗೇಟಿನಾಗ ನಿಂತಿ. ನಿನ್ನ ಮಗಳ್ನ ನಿಂದರಸಬ್ಯಾಡ."

ಮುದುಕಮ್ಮ ಮೊರವನ್ನು ಮತ್ತೆ ಮುಂದಕ್ಕೆ ಎಳೆದುಕೊಂಡಳು. ಹುಲಿಗೆಮ್ಮನ ಸಿಟ್ಟು ಇಳಿಯಲಿಲ್ಲ. ಹೊರಡುವಾಗ ಹೋಗಿಬರುತ್ತೇನೆ ಅಂತ ಕೂಡ ಸರಿಯಾಗಿ ಹೇಳಲಿಲ್ಲ. ಆದರೂ ಬಸ್ಸಿನಲ್ಲಿ ಕೂತ ಮೇಲೆ ಎದೆಯ ಮೇಲಿನ ಕಲ್ಲು ಒಂದಿಷ್ಟು ಸರಿದಂತಿತ್ತು. ಈ ಉರಿ ತನ್ನೊಬ್ಬಳದಲ್ಲ ಎಂಬುದಷ್ಟೇ ಅದಕ್ಕೆ ಕಾರಣ.

ಅಂದು ಸಂಜೆ ಅವಳು ದೀಪಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ನಾ ಅವತ್ತು ನಿನಗ ಯಾಕ ಹೊಡದೆ, ಗೊತ್ತೈತೇನು?"

ದೀಪಾ ಇಲ್ಲವೆಂದು ತಲೆ ಅಲ್ಲಾಡಿಸಿದಳು.

"ನಿನ್ನ ತಪ್ಪಿರಲಿಲ್ಲ. ನನಗ ಹೊಟ್ಟಿಕಿಚ್ಚು ಬಂತು. ನೀ ಅಂಜದ ಕೇಳ್ತಿ. ನಾ ಸಣ್ಣಾಕಿದ್ದಾಗ ಕೇಳಿದ್ರ ಹೊಡೀತಿದ್ರು. ಅದಕ್ಕ ನನಗ ಕೇಳಾಕ ಬರಂಗಿಲ್ಲ."

ದೀಪಾ ಬಹಳ ಹೊತ್ತು ಅವ್ವನ ಮುಖ ನೋಡಿದಳು. ಕೇಳಲೋ ಬೇಡವೋ ಎಂಬ ಅನುಮಾನ ಅವಳ ತುಟಿಯ ಮೇಲೆ ಬಂದು ಹೋಯಿತು. ಆ ಅನುಮಾನ ತಾನು ಹುಟ್ಟಿಸಿದ್ದು ಎಂದು ಹುಲಿಗೆಮ್ಮನಿಗೆ ಗೊತ್ತಿತ್ತು. ಸುಮ್ಮನೆ ಕಾದಳು.

"ಯಾರು ಹೊಡೀತಿದ್ರು?" ಎಂದಳು ದೀಪಾ ಕೊನೆಗೆ, ಸಣ್ಣ ದನಿಯಲ್ಲಿ.

ಹುಲಿಗೆಮ್ಮ ಹೇಳಿದಳು. ಗದ್ದೆಯ ಬದು, ಅಪ್ಪನ ಚಪ್ಪಲಿ, ಮಿಲ್ಲಿನ ಸಾಹುಕಾರರ ಮನೆ. ಮಲ್ಲೇಶನಿಗೂ ಹೇಳದ ಎಷ್ಟೋ ಸಂಗತಿ ಅದರಲ್ಲಿದ್ದವು. ಅವನು ಬಾಗಿಲಿಗೆ ಆನಿಕೊಂಡು ಕೇಳುತ್ತಿದ್ದ. ಎಲ್ಲ ಮುಗಿದ ಮೇಲೆ ಮೂವರಿಗೂ ಚಹಾ ಮಾಡಿಕೊಂಡು ಬಂದ. ಮೇಜು ಮಾರನೆಯ ದಿನವೇ ದೀಪಾಳಿಗೆ ವಾಪಸ್ಸಾಯಿತು.

ಹುಲಿಗೆಮ್ಮ ತನ್ನ ಓದಿಗೆ ಬೇರೆ ಜಾಗ ಹುಡುಕಿಕೊಂಡಳು. ಡ್ಯೂಟಿ ಮುಗಿದ ಮೇಲೆ ಸಿಂಧನೂರು ಬಸ್ ನಿಲ್ದಾಣದಲ್ಲಿ, ಇಮಾಮ್‌ಬೀಯ ಹಣ್ಣಿನ ಗಾಡಿಯ ಪಕ್ಕದ ಕಲ್ಲು ಬೆಂಚಿನ ಮೇಲೆ. ಹಾರ್ನು, ಮೈಕು, ಬಾಳೆಹಣ್ಣಿನ ಚೌಕಾಸಿ. ಅಷ್ಟು ಗದ್ದಲವಿದ್ದರೆ ಅವಳ ಕಿವಿಗೆ ಬೇಕಾದಷ್ಟು ಮೇವು ಸಿಗುತ್ತಿತ್ತು, ಕಣ್ಣು ಪುಸ್ತಕದ ಮೇಲೆ ನಿಲ್ಲುತ್ತಿತ್ತು. ಬೆನ್ನಿಗೆ ಗೋಡೆ ಇತ್ತು, ಹಿಂದೆ ಯಾರೂ ಬಂದು ನಿಲ್ಲುವಂತಿರಲಿಲ್ಲ. ಇಮಾಮ್‌ಬೀಗೆ ಇದು ತಮಾಷೆಯಾಗಿ ಕಾಣುತ್ತಿತ್ತು. "ಮನಿ ಬಿಟ್ಟು ಇಲ್ಲಿ ಓದ್ತಿಯಲ್ಲ ಬೇಟಿ, ಗಂಡನ ಕೂಡ ಜಗಳ ಮಾಡೀ ಏನು?" ಎಂದು ಕೇಳುತ್ತಿದ್ದಳು.

ತರಬೇತಿಯ ಕೊನೆಯ ವಾರ ಅಧಿಕಾರಿ ಅದೇ ಕೆಟ್ಟು ನಿಂತ ಬಸ್ಸಿನ ಪಾಠವನ್ನು ಮತ್ತೆ ತೆಗೆದ. ಹುಲಿಗೆಮ್ಮ ಕೈ ಎತ್ತಿದಳು. ತಲೆಯ ಹಿಂಭಾಗ ಜುಮ್ಮೆನ್ನುತ್ತಿತ್ತು.

"ಸರ್, ಹಿಂದಿನ ಬಸ್ಸಿನ ವ್ಯಾಳೆ ಬದಲ ಮಾಡಿದಮ್ಯಾಲ ಅದರ ವಾಪಸ್ ಟ್ರಿಪ್ಪಿಂದು ತಾನೇ ಬದಲ ಆಗತೈತೋ, ನಾವು ಮಾಡಬೇಕೋ?"

"ನೀವು ಮಾಡಬೇಕ್ರೀ," ಎಂದ ಅಧಿಕಾರಿ, ಮುಂದಿನ ಚಿತ್ರಕ್ಕೆ ಹೋದ. ಅಷ್ಟೇ. ಯಾರೂ ನಗಲಿಲ್ಲ. ಯಾರೂ ತಿರುಗಿಯೂ ನೋಡಲಿಲ್ಲ. ಇಷ್ಟು ಸಣ್ಣದಕ್ಕೆ ಇಷ್ಟು ವರ್ಷ ಅಂಜಿದೆನಲ್ಲ ಎಂದು ಅವಳಿಗೆ ನಗು ಬರುವ ಬದಲು ಅಳು ಬಂತು. ನೀರು ಕುಡಿಯುವ ನೆವ ಮಾಡಿ ಎದ್ದು ಹೊರಗೆ ಹೋದಳು.

ಮೊದಲ ಪರೀಕ್ಷೆಯಲ್ಲಿ ಅವಳು ಪಾಸಾಗಲಿಲ್ಲ. ಅಂಬಿಕಾ ಪಾಸಾದಳು. ಅಂದು ಮನೆಗೆ ಬಂದು ದೀಪಾಳಿಗೆ, "ಇವತ್ತು ಅಂಬಿಕಾನ ಮ್ಯಾಲ ಹೊಟ್ಟಿಕಿಚ್ಚು ಐತಿ, ನಿನ್ನ ಮ್ಯಾಲ ಇಲ್ಲ, ಅಂಜಬ್ಯಾಡ," ಎಂದು ಮೊದಲೇ ಹೇಳಿದಳು. ಎರಡನೆಯ ಸಲ ಪಾಸಾದಳು. ಈಗ ಮಸ್ಕಿಯ ನಿಲ್ದಾಣದಲ್ಲಿ ಕೂರುತ್ತಾಳೆ.

ದೀಪಾ ಮೊದಲಿನಷ್ಟು ಕೇಳುತ್ತಾಳೆಯೇ? ಬಹುಪಾಲು ಹೌದು. ಕೇಳುವ ಮೊದಲು ಒಮ್ಮೊಮ್ಮೆ ಅವ್ವನ ಮುಖ ನೋಡುತ್ತಾಳೆ. ಅದು ಪೂರ್ತಿ ಹೋಗಿಲ್ಲ. ಹುಲಿಗೆಮ್ಮನ ಉರಿಯೂ ಹೋಗಿಲ್ಲ.

ಈ ಬೇಸಿಗೆಯ ರಜೆಗೆ ತಾಯಿ ಮಗಳು ಬಳಗಾನೂರಿಗೆ ಹೋಗಿದ್ದರು. ಮುದುಕಮ್ಮ ಒಲೆಯ ಮುಂದೆ ಕೂತು ಮೊಮ್ಮಗಳಿಗೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸುತ್ತಿದ್ದಳು. ದೀಪಾಳ ಬಾಯಿಗೆ ಬಿಡುವಿರಲಿಲ್ಲ. ಹಿಟ್ಟಿಗೆ ಬಿಸಿನೀರೇ ಯಾಕೆ? ತಣ್ಣೀರು ಹಾಕಿದರೆ ಏನಾಗುತ್ತದೆ? ರೊಟ್ಟಿ ಉಬ್ಬುವುದು ಯಾಕೆ? ಮುದುಕಮ್ಮ ಒಂದೊಂದಕ್ಕೂ ನಿಧಾನವಾಗಿ, ಹಿಟ್ಟು ತೋರಿಸಿ, ನೀರು ಮುಟ್ಟಿಸಿ ಉತ್ತರ ಹೇಳುತ್ತಿದ್ದಳು. ಹುಲಿಗೆಮ್ಮನಿಗೆ ಎಂದೂ ಸಿಗದ ಅವ್ವ ಅವಳು. ಬಾಗಿಲಲ್ಲಿ ನಿಂತ ಹುಲಿಗೆಮ್ಮನಿಗೆ ಒಳಗೆ ಚುರುಕ್ ಅಂದೇ ಅಂದಿತು. ಹತ್ತರ ವಯಸ್ಸಿಗೆ ಮುಂಚೆಯೇ ಮನೆ ಬಿಟ್ಟವಳಿಗೆ ರೊಟ್ಟಿ ಯಾರೂ ಕಲಿಸಿರಲಿಲ್ಲ. ಮದುವೆಯಾದಂದಿನಿಂದ ಅವಳ ರೊಟ್ಟಿ ಅಂಚಿನಲ್ಲಿ ಹರಿಯುತ್ತಲೇ ಇತ್ತು. ಮಲ್ಲೇಶ ಎಂದೂ ಆಡಿ ತೋರಿಸದೆ ಉಣ್ಣುತ್ತಿದ್ದ.

ಅವಳು ಒಳಗೆ ಬಂದು ಮಗಳನ್ನು ಒತ್ತರಿಸಿ ಕೂತಳು.

"ಯವ್ವಾ, ನನ್ನ ರೊಟ್ಟಿ ಯಾಕ ಹರೀತಾವ?"

ಮುದುಕಮ್ಮ ಒಂದು ಗಳಿಗೆ ಮಗಳನ್ನೇ ನೋಡಿದಳು. ಆಮೇಲೆ ಹಿಟ್ಟಿನ ಉಂಡೆಯನ್ನು ಅವಳ ಕೈಗಿಟ್ಟಳು.

"ಬಡಿ ನೋಡೂನು. ನೀ ಹೆಂಗ ಬಡೀತಿ ನಾ ಎಂದ ನೋಡೀನಿ?"

"ಅವ್ವಾ, ಮೊದಲ ನನ್ನದು ಮುಗೀಲಿ," ಎಂದು ದೀಪಾ ಮುಖ ಊದಿಸಿಕೊಂಡಳು.

"ನಿಂದರ ಬೇ," ಎಂದಳು ಹುಲಿಗೆಮ್ಮ, ಉಂಡೆಯನ್ನು ಅಂಗೈಯಲ್ಲಿ ಒತ್ತುತ್ತ. "ಈಗ ನನ್ನ ಪಾಳಿ."